ಸೋಲೂರಿನಲ್ಲಿ ಬಿಚ್ಚಿದ ವಿಮಾನ

ಸೋಲೂರಿನ ಗುಜರಿ ಅಂಗಳದಲ್ಲಿ, ವಿಮಾನದ ಎಡರೆಕ್ಕೆಯ ತುದಿಯಿಂದ ನಾಲ್ಕು ಹೆಜ್ಜೆ ಈಚೆಗೆ ನಾನು ನಿಂತಿದ್ದೆ. ಆಯುಧಪೂಜೆಯ ಮಾರನೆಯ ದಿನ, ಶುಕ್ರವಾರ, ಬೆಳಗಿನ ಮಾಗಡಿ ಬಸ್ಸು ಹೋದ ಸ್ವಲ್ಪ ಹೊತ್ತಿಗೆ. ನನಗೆ ಒಂಬತ್ತು ವರ್ಷ. ಅಲ್ಯೂಮಿನಿಯಂ ಕೊರೆಯುವಾಗ ಏಳುವ ಬಿಸಿ ವಾಸನೆ ಈಗ ಹೊಸ ಮನೆಗಳಿಗೆ ಕಿಟಕಿ ಕೂರಿಸುವಲ್ಲೆಲ್ಲ ಬರುತ್ತದೆ. ಬಂದಾಗಲೆಲ್ಲ ನಾನು ಮತ್ತೆ ಅಲ್ಲಿಯೇ ನಿಂತಿರುತ್ತೇನೆ. ನಿಂತು ನಿಂತು ದಣಿದಿದ್ದೇನೆ.

ತಾತ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಗಡು ಕೂಡಿಸುವ ರಿವಿಟ್ ಮೊಳೆ ಹೊಡೆಯುತ್ತಿದ್ದವರು. ಸೇನೆಗೆಂದು ಪರೀಕ್ಷೆಗೆ ಎರಡೇ ವಿಮಾನ ಕಟ್ಟಿದ್ದರಂತೆ. ಒಂದು ಬಿದ್ದುಹೋಯಿತು, ಯೋಜನೆ ಅಲ್ಲಿಗೇ ನಿಂತಿತು. ಉಳಿದದ್ದು ವರ್ಷಗಟ್ಟಲೆ ಶೆಡ್ಡಿನ ಹಿಂದೆ ಮಳೆಯಲ್ಲಿ ನೆಂದು, ಕೊನೆಗೆ ಹರಾಜಾಗಿ ನಮ್ಮೂರ ಗುಜರಿ ಶಿವಣ್ಣನ ಅಂಗಳಕ್ಕೆ ಬಂತು. ಅದರ ಎಡರೆಕ್ಕೆ ತಾತನ ಕೈಕೆಲಸ. ರಸ್ತೆ ಅಗಲ ಮಾಡುವಾಗ ಹೋದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಹಬ್ಬದ ದಿನ ತಾತ ಸುತ್ತಿಗೆ, ಕೈಡ್ರಿಲ್ಲು, ಒಂದು ಹಿಡಿ ರಿವಿಟ್ಟು ಜೋಡಿಸಿ ಕುಂಕುಮ ಇಡುತ್ತಿದ್ದರು. "ಊರೋರೆಲ್ಲ ನೇಗ್ಲು ಪೂಜೆ ಮಾಡುದ್ರೆ ಇವ್ರು ಮೊಳೆ ಪೂಜೆ ಮಾಡ್ತಾರೆ," ಎಂದು ಅಜ್ಜಿ ದೀಪದ ಬತ್ತಿ ಸರಿಮಾಡುತ್ತ ಗೊಣಗುತ್ತಿದ್ದಳು. ಆ ವರ್ಷ ತಾತ ವಿಮಾನದ ಮೂತಿಗೂ ಕುಂಕುಮ ಇಟ್ಟು ಬಂದಿದ್ದರು.

ಮಾಗಡಿಯ ಶಾಲೆಯೊಂದರವರು ಅದನ್ನು ತಮ್ಮ ಬಯಲಿನಲ್ಲಿ ನಿಲ್ಲಿಸಿಕೊಳ್ಳಲು ಒಪ್ಪಿದ್ದರು. ಸೋಮವಾರ ಲಾರಿ ಬರುವುದಿತ್ತು. ಅಲ್ಲಿಯವರೆಗೆ ಬಿಚ್ಚಬೇಡ, ತಡೆ ಎಂದು ಶಿವಣ್ಣನನ್ನು ಕೇಳಲು ತಾತ ನನ್ನನ್ನು ಕರೆದುಕೊಂಡು ಹೋಗಿದ್ದರು.

"ಹಾರ್ದೇ ಇರೋದ ಇಟ್ಕೊಂಡು ನಾನೇನ್ ಕೋಳಿ ಸಾಕ್ಲಾ, ದೊಡ್ಡಪ್ಪ?" ಶಿವಣ್ಣ ನಕ್ಕ. "ಕೆಲ್ಸ ನಿಲ್ಸಕ್ಕಿಲ್ಲ. ಸೋಮ್ವಾರಕ್ಕೆ ಇನ್ನೂ ನಿಂತಿದ್ರೆ ತಕ್ಕೊಂಡೋಗ್ಲಿ."

ಅವನ ಆಳು, ಸಿದ್ಧ ಎಂಬುವನು, ರೆಕ್ಕೆಯ ಬುಡಕ್ಕೆ ಉಳಿಯಿಟ್ಟು ಹೊಡೆದ. ತಗಡು ಹರಿಯಿತು. ಇನ್ನೊಂದು ಏಟು. ಮತ್ತೊಂದು.

"ಲೇ, ನಿಲ್ಸ್ಲಾ! ಹಂದಿ ಕೊಯ್ದಂಗೆ ಕೊಯ್ತಾ ಇದ್ದೀಯಲ್ಲೋ. ರಿವಿಟ್ ತಲೆ ಒಸಿ ಕೊರುದ್ರೆ ಸಾಕು ಕಣ್ಲಾ, ತಾನಾಗೇ ಬತ್ತದೆ," ಎಂದು ತಾತ ಕೂಗಿದರು.

"ಅಂಗಾರೆ ನೀನೇ ತೋರ್ಸು ತಾತ," ಎಂದ ಸಿದ್ಧ.

ತೋರಿಸಲೆಂದು ಕೂತವರು ಏಳಲಿಲ್ಲ. ಮನೆಯಿಂದ ನನ್ನ ಕೈಲಿ ಡ್ರಿಲ್ಲು ತರಿಸಿಕೊಂಡರು. ಒಂದೊಂದೇ ರಿವಿಟ್ಟಿನ ತಲೆ ಕೊರೆದು, ತಟ್ಟಿ ತೆಗೆದು, ನನ್ನ ಲಂಗದ ಮಡಿಲಿಗೆ ಹಾಕಿದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ಇದನ್ನು ಹೇಳಲು ಈಗಲೂ ಹಿಂಜರಿಯುತ್ತೇನೆ. ಶನಿವಾರ ಮಧ್ಯಾಹ್ನ ರೆಕ್ಕೆ ನಾಲ್ವರ ಹೆಗಲ ಮೇಲೆ ಮೆತ್ತಗೆ ಇಳಿಯಿತು. ಸಿದ್ಧನ ಉಳಿಯ ಗಾಯಗಳನ್ನು ಬಿಟ್ಟರೆ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಭಾನುವಾರ ಸಂಜೆಯೊಳಗೆ ಮಿಕ್ಕ ಮೈಯೂ ಬಿಚ್ಚಿಕೊಂಡಿತು. ಎಲ್ಲೆಲ್ಲಿ ಕೊರೆಯಬೇಕೆಂದು ತೋರಿಸಿದವರು ತಾತನೇ.

"ನೀನಿಲ್ದಿದ್ರೆ ಇವಕ್ಕೆ ಎಂಟು ದಿನ ಹಿಡೀತಿತ್ತು, ದೊಡ್ಡಪ್ಪ," ಎಂದ ಶಿವಣ್ಣ, ಮನಸಾರೆ.

ಆಗ ತಾತ ತಲೆಯೆತ್ತಿ ಸುತ್ತ ನೋಡಿದರು. ಸೋಮವಾರ ಲಾರಿ ಬಂತು. ತಾತ ಮನೆಯಿಂದ ಹೊರಗೆ ಬರಲಿಲ್ಲ.

ತಾತ, ಅಜ್ಜಿ, ಶಿವಣ್ಣ, ಯಾರೂ ಈಗಿಲ್ಲ. ಅದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಸಿದ್ಧ ಮತ್ತು ನಾನು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಅವನು ಕೇಳುತ್ತಾನೆ: "ನಾ ಹೊಡ್ದಿದ್ದು ಮೂರೇ ಏಟು, ಅಲ್ವೇನವ್ವ?"

ಹೌದು, ಮೂರೇ, ಎನ್ನುತ್ತೇನೆ.