ಪಾರ್ಸಲ್ ಅಕ್ಕನ ಹಸಿರು ಚುಕ್ಕೆಗಳು

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮ್ಯಾನೇಜರ್‌ನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವರು ಪಾರ್ಸಲ್ ಅಕ್ಕ. ಬಾಗಿಲು ಕಾಯುವವನಿಗಂತೂ ಅವರದು ಅಂಚೆಯ ಕೆಲಸವೆಂದೇ ನಂಬಿಕೆ.

"ಏನಕ್ಕಾ, ಇವತ್ತು ಎಷ್ಟು ಪಾರ್ಸಲ್?"

"ಇನ್ನೂರ ಹದಿನಾಲ್ಕು ಕಣಪ್ಪಾ. ಎಲ್ಲಾ ಸೇರಿಸಿದ್ರೂ ಒಂದು ಗುಲಗಂಜಿ ತೂಕ ಇಲ್ಲ."

ನಾವು ಆಸ್ಪತ್ರೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಡುವವರು. ಹನ್ನೊಂದು ಆಸ್ಪತ್ರೆಗಳಲ್ಲಿ ಇನ್ನೂರ ಹದಿನಾಲ್ಕು ಯಂತ್ರಗಳು. ಪ್ರೋಗ್ರಾಂ ಒಂದೇ ಆದರೂ ಅದು ಬಿಡಿಬಿಡಿ ಭಾಗಗಳನ್ನು ಜೋಡಿಸಿದ್ದು: ರೋಗಿಗಳ ನೋಂದಣಿಗೆ ಒಂದು, ರಕ್ತಪರೀಕ್ಷೆಗೆ ಒಂದು, ಔಷಧದ ಪ್ರಮಾಣ ಲೆಕ್ಕ ಹಾಕಲು ಇನ್ನೊಂದು. ಒಂದು ಭಾಗದಲ್ಲಿ ತಪ್ಪು ಕಂಡರೆ ಅದನ್ನಷ್ಟೇ ಬದಲಿಸಿದರಾಯಿತು, ಉಳಿದದ್ದನ್ನು ಮುಟ್ಟಬೇಕಿಲ್ಲ. ಹಿಂದೆ ಇದಕ್ಕಾಗಿ ಡಿಸ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ಊರೂರು ಬಸ್ಸಿನಲ್ಲಿ ಅಲೆದವರು ಅಕ್ಕನೇ. ಆಮೇಲೆ ಎಲ್ಲವೂ ವೆಬ್ ಮೂಲಕ ಆಯಿತು. ಬದಲಾದ ಭಾಗವನ್ನು ಅಕ್ಕ ಕಟ್ಟಿ ನಮ್ಮ ಸರ್ವರ್‌ನಲ್ಲಿ ಇಡುವರು. ಪ್ರತಿ ಯಂತ್ರವೂ ಸ್ವಲ್ಪ ಹೊತ್ತಿಗೊಮ್ಮೆ ತಾನಾಗಿ ಸರ್ವರ್‌ಗೆ ಕರೆ ಕೊಟ್ಟು ಹೊಸತೇನಾದರೂ ಇದೆಯೇ ಎಂದು ಕೇಳಿ, ಇದ್ದರೆ ತರಿಸಿಕೊಂಡು ಒಂದು ಬದಿಗೆ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಪ್ರೋಗ್ರಾಂ ಮುಚ್ಚಿ ತೆರೆದಾಗ ಹಳೆಯ ಭಾಗ ಹೋಗಿ ಹೊಸದು ಕೂರುತ್ತದೆ. ಬದಿಗಿಟ್ಟುಕೊಳ್ಳುವ ಈ ಉಪಾಯವೂ ಅಕ್ಕನದೇ.

ಅವರ ಪರದೆಯಲ್ಲಿ ಒಂದು ಪಟ್ಟಿ ಇತ್ತು. ಯಂತ್ರಕ್ಕೊಂದು ಸಾಲು, ಸಾಲಿನ ಕೊನೆಗೆ ‘ತಲುಪಿದೆ’ ಎಂಬ ಅಂಕಣ. ಪಾರ್ಸಲ್ ಮುಟ್ಟಿದ ಕೂಡಲೇ ಅಲ್ಲಿ ಹಸಿರು ಚುಕ್ಕೆ ಮೂಡುತ್ತಿತ್ತು. ಇನ್ನೂರ ಹದಿನಾಲ್ಕೂ ಹಸಿರಾಗುವವರೆಗೆ ಅಕ್ಕ ಚಹಾ ಕುಡಿಯುತ್ತಿರಲಿಲ್ಲ.

ಚೀಟಿ ಬರೆದು ಅಂಟಿಸುವುದು ಅವರ ಇನ್ನೊಂದು ಅಭ್ಯಾಸ. ಕಚೇರಿಯ ಸ್ವಿಚ್ಚುಗಳು, ಬೀರುವಿನ ಅರೆಗಳು, ಬೀಗದ ಕೈಗಳು, ಯಾವುದನ್ನೂ ಬಿಟ್ಟವರಲ್ಲ. ದುಂಡಗಿನ ಅಕ್ಷರ, ಕೆಳಗೆ ಅಡಿಪಟ್ಟಿ ಇಟ್ಟು ಎಳೆದ ಎರಡು ಗೆರೆ. ಮನೆಯಲ್ಲಿ ಅಡುಗೆಮನೆಯ ಡಬ್ಬಗಳಿಗೂ ಅದೇ ಅಕ್ಷರ, ಅದೇ ಎರಡು ಗೆರೆ. ಒಮ್ಮೆ ನಾನು ಹೋಗಿದ್ದಾಗ ಅವರ ಅತ್ತೆ ಸೊಸೆಯ ಎದುರೇ ಹೇಳಿದ್ದರು: "ನನ್ನ ಹಣೆಗೂ ಒಂದು ಅಂಟಿಸಿಬಿಡು ಮಾರಾಯ್ತಿ, ‘ಅತ್ತೆ’ ಅಂತ. ಎಲ್ಲಾದ್ರೂ ಸಕ್ಕರೆ ಅಂದ್ಕೊಂಡು ಚಹಾಕ್ಕೆ ಹಾಕಿಬಿಟ್ಟೀಯ."

"ನಿಮ್ಮನ್ನ ಹಾಕಿದ್ರೆ ಚಹಾ ಕಹಿ ಆಗುತ್ತೆ ಅತ್ತೆ, ಭಯ ಬೇಡ."

ಅಕ್ಕನ ಗಂಡ ಎರಡು ಶಾಲೆಗಳಲ್ಲಿ ಅರೆಕಾಲಿಕ ಡ್ರಾಯಿಂಗ್ ಮೇಷ್ಟ್ರು. ಮನೆ ನಡೆಯುತ್ತಿದ್ದದ್ದು ಅಕ್ಕನ ಕೆಲಸದಿಂದ. ಇದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಪಾರ್ಸಲ್‌ನಲ್ಲಿ ತಪ್ಪು ನುಸುಳಿತು. ಔಷಧದ ಪ್ರಮಾಣ ಲೆಕ್ಕ ಹಾಕುವ ಭಾಗವದು. ಅದನ್ನು ತಿದ್ದಿದ ಹುಡುಗಿ ಬೇರೇನನ್ನೋ ಸರಿಪಡಿಸಲು ಹೋಗಿ, ರೋಗಿಯ ತೂಕವನ್ನು ಪೂರ್ಣಾಂಕಕ್ಕೆ ತಿರುಗಿಸುವ ಒಂದು ಸಾಲನ್ನು ಸೇರಿಸಿ ತೆಗೆಯಲು ಮರೆತಿದ್ದಳು. ಅರವತ್ತು ಕಿಲೋ ತೂಗುವವರಿಗೆ ಇದರಿಂದ ಏನೂ ಆಗದು. ಆದರೆ ಒಂದು ಕಿಲೋ ಆರುನೂರು ಗ್ರಾಂ ತೂಗುವ ಮಗುವನ್ನು ಪ್ರೋಗ್ರಾಂ ಎರಡು ಕಿಲೋ ಎಂದು ತಿಳಿದು, ಔಷಧವನ್ನು ಕಾಲು ಪಾಲು ಹೆಚ್ಚು ಹೇಳುತ್ತಿತ್ತು. ಒಂದು ಆಸ್ಪತ್ರೆಯ ಔಷಧ ವಿಭಾಗದವರು ಇದನ್ನು ಹಿಡಿದು ಫೋನ್ ಮಾಡಿದರು. ಅರ್ಧ ದಿನದಲ್ಲಿ ಭಾಗವನ್ನು ಸರಿಪಡಿಸಿ, ಮರುದಿನ ಬೆಳಿಗ್ಗೆ ಅಕ್ಕ ಹೊಸ ಪಾರ್ಸಲ್ ಕಳಿಸಿದರು. ಹನ್ನೆರಡು ಗಂಟೆಯ ಹೊತ್ತಿಗೆ ಪಟ್ಟಿ ಪೂರ್ತಿ ಹಸಿರಾಗಿತ್ತು.

"ಎಲ್ಲರಿಗೂ ಮುಟ್ಟಿತು ಸರ್" ಎಂದು ಮ್ಯಾನೇಜರ್‌ಗೆ ಹೇಳಿ ಅಕ್ಕ ಚಹಾ ಕುಡಿದರು. ಆಸ್ಪತ್ರೆಗಳಿಗೆ ಫೋನ್ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುಟ್ಟಿತಲ್ಲ.

ಸುಮಾರು ಆರು ವಾರಗಳ ನಂತರ ಇನ್ನೊಂದು ಆಸ್ಪತ್ರೆಯಿಂದ ನೋಟಿಸು ಬಂತು. ಅವಧಿಗೆ ಮುಂಚೆ ಹುಟ್ಟಿದ ಒಂದು ಹೆಣ್ಣುಮಗುವಿಗೆ ಹತ್ತು ದಿನ ಸೋಂಕಿನ ಔಷಧ ಕೊಟ್ಟಿದ್ದರು. ಮಗು ಉಳಿಯಿತು. ಆದರೆ ಮನೆಗೆ ಕಳಿಸುವ ಮುನ್ನ ಮಾಡಿದ ಪರೀಕ್ಷೆಯಲ್ಲಿ ಎರಡು ಕಿವಿಯೂ ಕೇಳಿಸುತ್ತಿಲ್ಲವೆಂದು ತಿಳಿಯಿತು. ಔಷಧದ ಪ್ರಮಾಣ ಹೆಚ್ಚಾದರೆ ಹೀಗಾಗುವುದುಂಟು. ಪ್ರಮಾಣ ಬರೆದ ಸಿಸ್ಟರ್‌ ಅವರನ್ನು ಅಮಾನತಿನಲ್ಲಿಟ್ಟು ವಿಚಾರಣೆ ನಡೆಸುತ್ತಿದ್ದರು. ಆ ಯಂತ್ರದಲ್ಲಿ ಏನಿತ್ತೆಂದು ನೋಡಿ ಬರಲು ನಮ್ಮ ಕಚೇರಿ ಅಕ್ಕನನ್ನು ಕಳಿಸಿತು.

ಶಿಶು ವಾರ್ಡಿನ ಮೂಲೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಸಣ್ಣ ಮೇಜಿನ ಮೇಲೆ ಆ ಯಂತ್ರ ಇತ್ತು. ಅಕ್ಕ ಮೊದಲು ನೋಡಿದ್ದು ಪ್ರೋಗ್ರಾಂ ಯಾವಾಗ ತೆರೆದದ್ದೆಂದು. ಐವತ್ತೆರಡು ದಿನಗಳ ಹಿಂದೆ. ಕರೆಂಟ್ ಹೋದಾಗ ನಡೆಸುವ ಬ್ಯಾಟರಿ ಬದಲಿಸಲು ಅವತ್ತು ಒಮ್ಮೆ ಆರಿಸಿದ್ದರು, ಆಗಲೇ ತಪ್ಪು ಭಾಗ ಕೂತಿತ್ತು. ಒಂಬತ್ತು ದಿನ ಕಳೆದು ಬಂದ ಸರಿಯಾದ ಪಾರ್ಸಲ್ ಬದಿಯ ಕೋಶದಲ್ಲಿ ಒಡೆಯದೆ ಕೂತಿತ್ತು. ಅಂದಿನಿಂದ ಯಾರೂ ಯಂತ್ರವನ್ನು ಆರಿಸಿರಲಿಲ್ಲ.

ಯಾಕೆ ಆರಿಸಿರಲಿಲ್ಲ ಎಂಬುದು ಪರದೆಯ ಮೇಲಂಚಿನಲ್ಲೇ ಇತ್ತು. ಹಳದಿಯಾದ ಟೇಪಿನಡಿ ಒಂದು ಚೀಟಿ. ‘ದಯವಿಟ್ಟು ಆಫ್ ಮಾಡಬೇಡಿ.’ ದುಂಡಗಿನ ಅಕ್ಷರ. ಕೆಳಗೆ ಎರಡು ಗೆರೆ.

ಏಳು ವರ್ಷದ ಹಿಂದಿನ ಮಾತು. ಆಗ ಆ ಆಸ್ಪತ್ರೆಯ ಇಂಟರ್ನೆಟ್ ಆಮೆ ನಡಿಗೆಯದು. ಪ್ರೋಗ್ರಾಂ ತೆರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಮಗು ನೀಲಿಗಟ್ಟುವಾಗ ಅಷ್ಟು ಹೊತ್ತು ಕಾಯಲು ಆಗುವುದಿಲ್ಲವೆಂದು ಸಿಸ್ಟರ್‌ಗಳು ಜಗಳ ತೆಗೆದಿದ್ದರು. ಹೊಸ ಲೈನ್ ಬರುವವರೆಗೆ ಎಂದುಕೊಂಡು ಅಕ್ಕ ಆ ಚೀಟಿ ಬರೆದು ಹಚ್ಚಿದ್ದರು. ಮರುವರ್ಷ ಹೊಸ ಲೈನ್ ಬಂತು. ಚೀಟಿ ಅಲ್ಲೇ ಉಳಿಯಿತು.

ಅಕ್ಕನ ಉಗುರು ಟೇಪಿನ ಅಂಚಿಗೆ ಹೋಯಿತು. ಆಗ ಹಿಂದಿನಿಂದ ದನಿ ಬಂತು.

"ಅದನ್ನ ಬಿಡಿ ಮೇಡಂ. ನನಗೆ ಅಂತ ಇರೋದು ಅದೊಂದೇ."

ವಿಚಾರಣೆಗೆ ಹಾಜರಾಗಲು ಬಂದಿದ್ದ ಸಿಸ್ಟರ್ ಅವರು. ಇಪ್ಪತ್ತೆರಡು ವರ್ಷ ಅದೇ ವಾರ್ಡಿನಲ್ಲಿ ದುಡಿದವರು. ಮನೆಯ ಬಟ್ಟೆಯಲ್ಲಿ ವಾರ್ಡಿನ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರುವಂತಿರಲಿಲ್ಲ.

"ದಿನಾ ಆಫ್ ಮಾಡಬೇಕು ಅಂತ ಪುಸ್ತಕದಲ್ಲಿ ಇದೆಯಂತೆ, ನಾನು ಮಾಡಿಲ್ವಂತೆ. ಚೀಟಿ ತೋರಿಸಿದೆ. ಯಾರು ಬರೆದಿದ್ದು ಅಂತ ಕೇಳಿದ್ರು. ನನಗೇನು ಗೊತ್ತು? ನೀವೇ ಬರಕೊಂಡಿರಬಹುದು ಅಂದ್ರು." ಅವರು ನಕ್ಕರು, ಆದರೆ ನಗು ಪೂರ್ತಿಯಾಗಲಿಲ್ಲ. "ನನ್ನ ಅಕ್ಷರ ನೋಡಿದ್ರೆ ಹಾಗೆ ಅನ್ನಲ್ಲ. ಕಾಗೆ ಕಾಲು ಗುಬ್ಬಿ ಕಾಲು."

ಅಕ್ಕ ಟೇಪಿನಿಂದ ಕೈ ತೆಗೆದರು.

"ಮೊದಲೆಲ್ಲ ನಾನೂ ಪೆನ್ಸಿಲ್ ಹಿಡಿದು ಲೆಕ್ಕ ಹಾಕ್ತಿದ್ದೆ ಮೇಡಂ. ಎರಡು ವರ್ಷ ಹಾಕಿದೆ. ನನ್ನದೂ ಇದರದ್ದೂ ಒಂದು ದಿನಾನೂ ಬೇರೆ ಬರಲಿಲ್ಲ. ಆಮೇಲೆ ಬಿಟ್ಟೆ. ಬಿಡಬಾರದಿತ್ತು."

ಹೊರಗೆ ಬೆಂಚಿನ ಮೇಲೆ ಮಗುವಿನ ತಾಯಿ ಕೂತಿದ್ದಳು. ಮಗುವಿನ ತಲೆಯ ಹಿಂದೆ ಬೀಗದ ಕೈಗೊಂಚಲು ಹಿಡಿದು ಅಲ್ಲಾಡಿಸುತ್ತಿದ್ದಳು. ನಿಲ್ಲಿಸಿ, ಮುಖ ನೋಡಿ, ಇನ್ನೊಂದು ಕಿವಿಯ ಹತ್ತಿರ ಹಿಡಿದು ಮತ್ತೆ ಅಲ್ಲಾಡಿಸುತ್ತಿದ್ದಳು. ಅಕ್ಕ ಆ ಬೆಂಚನ್ನು ದಾಟಿ ಹೋಗಬೇಕಿತ್ತು. ದಾಟಿ ಹೋದರು.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ವಿಚಾರಣೆಗೆ ಕಳಿಸುವ ಉತ್ತರವನ್ನು ಸಿದ್ಧ ಮಾಡಿಟ್ಟಿದ್ದರು. ಸಹಿ ಅಕ್ಕನದಾಗಬೇಕಿತ್ತು. ಸರಿಯಾದ ಭಾಗವನ್ನು ಇಂಥ ದಿನವೇ ಆ ಯಂತ್ರಕ್ಕೆ ತಲುಪಿಸಲಾಗಿದೆ. ತಲುಪಿದ ದಾಖಲೆ ಲಗತ್ತಿಸಿದೆ. ಯಂತ್ರವನ್ನು ದಿನಕ್ಕೊಮ್ಮೆ ಆರಿಸಬೇಕೆಂಬ ಸೂಚನೆ ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿದೆ. ಅದನ್ನು ವಾರ್ಡಿನವರು ಪಾಲಿಸಿಲ್ಲ.

"ಇದರಲ್ಲಿ ಒಂದಾದ್ರೂ ಸುಳ್ಳಿದೆಯಾ, ಹೇಳಿ?" ಎಂದರು ಮ್ಯಾನೇಜರ್.

"ಇಲ್ಲ ಸರ್."

"ಮತ್ತೆ?"

"ಚೀಟಿ ನಂದು ಸರ್."

ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. ಆದರೆ ನಮ್ಮ ಕಚೇರಿಯ ಗೋಡೆಗಳು ಪ್ಲೈವುಡ್ಡಿನವು, ನನ್ನ ಮೇಜು ಆಚೆ ಬದಿಗೇ ಇತ್ತು. "ಚೀಟಿ ಯಾರದ್ದು ಅಂತ ಯಾರೂ ನಿಮ್ಮನ್ನ ಕೇಳಿಲ್ಲ. ಕೇಳದೇ ಇರೋದಕ್ಕೆ ಉತ್ತರ ಯಾಕೆ ಕೊಡ್ತೀರಿ? ನೀವು ಕೊಟ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ, ಮೇಲಿನವರು ಬಿಡಲ್ಲ. ನಾಳೆವರೆಗೆ ಯೋಚನೆ ಮಾಡಿ."

ಅಂದಿನ ಸಂಜೆಯ ಮಾತುಗಳನ್ನು ಅಕ್ಕ ನನಗೆ ಆಮೇಲೆ ಹೇಳಿದ್ದು. ಅವರು ತಟ್ಟೆಯಲ್ಲಿ ಕೈ ಆಡಿಸುತ್ತಾ ಕೂತಿದ್ದರು. ಅತ್ತೆ ಬಿಡಲಿಲ್ಲ, ವಿಷಯವನ್ನೆಲ್ಲ ಹೊರಡಿಸಿಕೊಂಡರು.

"ನೀನು ಬರೆದುಕೊಟ್ರೆ ಆ ಕೂಸಿಗೆ ಕಿವಿ ಬರುತ್ತಾ?"

"ಇಲ್ಲ ಅತ್ತೆ."

"ನರ್ಸಮ್ಮನ ಕೆಲಸ?"

"ಉಳಿಯಬಹುದು."

"ನಿಂದು?"

"ಹೋಗುತ್ತೆ."

ಮುದುಕಿ ಗೋಡೆಯ ಕಡೆ, ಡಬ್ಬಗಳ ಸಾಲಿನ ಕಡೆ ನೋಡಿದರು. "ನಿನ್ನ ಅಕ್ಷರ ಹತ್ತು ಮಾರು ದೂರದಿಂದ ಗೊತ್ತಾಗುತ್ತೆ ಕಣೇ. ನೀನು ಹೇಳದೇ ಇದ್ರೂ ಅದು ನಿಂದೇ" ಎಂದರು. ಆಮೇಲೆ, "ಊಟ ಆರ್ತಿದೆ, ತಿನ್ನು."

ಡ್ರಾಯಿಂಗ್ ಮೇಷ್ಟ್ರು ಆಗ ಮೊದಲ ಸಲ ಬಾಯಿ ತೆರೆದರು. "ಮೂರನೇ ಶಾಲೆಯಲ್ಲಿ ಕೇಳಿ ನೋಡ್ತೀನಿ" ಎಂದರು.

ಮರುದಿನ ಅಕ್ಕ ಮ್ಯಾನೇಜರ್ ಬರೆದ ಉತ್ತರದ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಕೆಳಗೆ ತಮ್ಮ ಕೈಬರಹದಲ್ಲಿ ಮೂರು ಸಾಲು ಸೇರಿಸಿದರು. ‘ತಲುಪಿದೆ ಎಂದರೆ ಆ ಭಾಗ ಓಡುತ್ತಿದೆ ಎಂದಲ್ಲ. ನಮ್ಮ ಪಟ್ಟಿಯಿಂದ ಅದು ಗೊತ್ತಾಗುವುದಿಲ್ಲ. ಆಫ್ ಮಾಡಬಾರದೆಂಬ ಚೀಟಿಯನ್ನು ಬರೆದು ಹಚ್ಚಿದವಳು ನಾನು.’ ಸಹಿ ಮಾಡಿ, ಅಭ್ಯಾಸಬಲದಿಂದ ಕೆಳಗೆ ಎರಡು ಗೆರೆ ಎಳೆದು ಕಳಿಸಿದರು. ವಿಚಾರಣೆಯವರಿಗೆ ಅಕ್ಷರ ಹೋಲಿಸಿ ನೋಡಲು ಅದೇ ಸಾಕಾಯಿತು.

ಸಿಸ್ಟರ್‌ ಅವರನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡರು, ಆದರೆ ಶಿಶು ವಾರ್ಡಿಗಲ್ಲ. ಬಟ್ಟೆ, ಬ್ಯಾಂಡೇಜು ಎಣಿಸುವ ಉಗ್ರಾಣಕ್ಕೆ ಹಾಕಿದರು. ಅಕ್ಕನಿಗೆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಮಗುವಿನ ಬಗ್ಗೆ ನಮಗೆ ಯಾರೂ ಏನೂ ತಿಳಿಸಲಿಲ್ಲ. ತಿಳಿಸುವುದಕ್ಕೆ ಹೊಸದೇನೂ ಇರಲಿಲ್ಲವೇನೋ.

ಯಂತ್ರವನ್ನು ಒಮ್ಮೆ ಆರಿಸಿ ತೆರೆಯಿರೆಂದು ಎಲ್ಲ ಆಸ್ಪತ್ರೆಗಳಿಗೂ ಪತ್ರ ಹೋಗಿತ್ತು, ಆದರೆ ಯಾರು ಆರಿಸಿದರೆಂದು ತಿಳಿಯುವ ದಾರಿ ಇರಲಿಲ್ಲ. ಉಳಿದ ಹದಿನೆಂಟು ದಿನ ಅಕ್ಕ ಒಂದೇ ಕೆಲಸ ಮಾಡಿದರು. ಯಂತ್ರ ಏನನ್ನು ತರಿಸಿಕೊಂಡಿದೆ ಎಂಬುದರ ಜೊತೆಗೆ, ಈ ಗಳಿಗೆಯಲ್ಲಿ ಯಾವ ಭಾಗ ಓಡುತ್ತಿದೆ ಎಂಬುದನ್ನೂ ಅದರಿಂದಲೇ ಹೇಳಿಸುವ ಒಂದು ಸಣ್ಣ ತುಣುಕು ಬರೆಸಿದರು. ಮುಚ್ಚಿ ತೆರೆಯುವುದನ್ನು ಕಾಯದೆ ತಾನಾಗಿ ಕೆಲಸ ಶುರುಮಾಡುವಂಥದ್ದು ಅದು. ಪಟ್ಟಿಯಲ್ಲಿ ‘ತಲುಪಿದೆ’ಯ ಪಕ್ಕ ‘ಓಡುತ್ತಿದೆ’ ಎಂಬ ಹೊಸ ಅಂಕಣ ಬಂತು. ಅದು ಸಿದ್ಧವಾದದ್ದು ಅವರ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ.

ನಾವು ನಾಲ್ಕೈದು ಮಂದಿ ಅವರ ಕುರ್ಚಿಯ ಹಿಂದೆ ನಿಂತಿದ್ದೆವು. ಹಳೆಯ ಅಂಕಣ ಮೇಲಿನಿಂದ ಕೆಳಗಿನವರೆಗೆ ಹಸಿರು. ಹೊಸದರಲ್ಲಿ ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು. ಹಸಿರು, ಹಸಿರು, ಕೆಂಪು. ಆಮೇಲೆ ಮತ್ತೆ ಕೆಂಪು. ಎಲ್ಲ ಮೂಡಿದ ಮೇಲೆ ಅಕ್ಕ ಬೆರಳಿಟ್ಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಅರವತ್ತೊಂದು.

ಅರವತ್ತೊಂದು ಯಂತ್ರಗಳು ಯಾವ್ಯಾವುದೋ ಹಳೆಯ ಭಾಗಗಳನ್ನು ಓಡಿಸುತ್ತಿದ್ದವು. ಅವುಗಳ ಪೈಕಿ ನಾಲ್ಕರಲ್ಲಿ ಇನ್ನೂ ಓಡುತ್ತಿದ್ದದ್ದು ಔಷಧ ಲೆಕ್ಕದ ಆ ತಪ್ಪು ಭಾಗವೇ. ಏಳು ವರ್ಷದ ಹಿಂದೆ ಆ ಚೀಟಿಯ ಜೆರಾಕ್ಸ್ ಪ್ರತಿಗಳನ್ನು, ಇಂಟರ್ನೆಟ್ ನಿಧಾನವಿದ್ದ ಬೇರೆ ಎಷ್ಟು ಆಸ್ಪತ್ರೆಗಳಿಗೆ ತಾವು ಕಳಿಸಿದ್ದರೆಂದು ಅಕ್ಕ ಲೆಕ್ಕ ಇಟ್ಟಿರಲಿಲ್ಲ. ಅವರು ಲೆಕ್ಕ ಇಡದೆ ಬಿಟ್ಟ ಒಂದೇ ಸಂಗತಿ ಅದು.

ಯಾರೋ ಬೀಳ್ಕೊಡುಗೆಗೆಂದು ಚಹಾ ತಂದಿಟ್ಟರು. ಅಕ್ಕ ಅದನ್ನು ಬದಿಗೆ ಸರಿಸಿ ಫೋನ್ ಎತ್ತಿಕೊಂಡರು. ಮೊದಲು ಆ ನಾಲ್ಕು, ಆಮೇಲೆ ಪಟ್ಟಿಯ ಕ್ರಮದಲ್ಲಿ ಉಳಿದವು. ಐದೂವರೆಗೆ ಅವರ ಕೆಲಸ ಮುಗಿಯುತ್ತಿತ್ತು.

"ಹಲೋ, ಮಕ್ಕಳ ವಾರ್ಡಾ? ಸಿಸ್ಟರ್, ನಿಮ್ಮ ಕಂಪ್ಯೂಟರ್ ಈಗಲೇ ಒಂದು ಸಲ ಆಫ್ ಮಾಡಿ ಆನ್ ಮಾಡ್ತೀರಾ? ಹೌದು, ಈಗಲೇ. ನಾನು ಲೈನಲ್ಲೇ ಇರ್ತೀನಿ."

ಆಚೆಯ ದನಿ ಜೋರಾಗಿತ್ತು, ನಮಗೂ ಕೇಳಿಸಿತು. "ಆಫ್ ಮಾಡಬೇಡಿ ಅಂತ ಇಲ್ಲಿ ಚೀಟಿ ಹಚ್ಚಿದ್ದಾರಲ್ಲಾ ಮೇಡಂ. ಆಮೇಲೆ ಯಾರಾದ್ರೂ ನನ್ನ ಕೇಳಿದ್ರೆ?"

"ಅದನ್ನ ಕಿತ್ತು ಹಾಕಿ" ಎಂದರು ಅಕ್ಕ. "ಕೇಳಿದ್ರೆ, ಬರೆದವಳೇ ಹೇಳಿದಳು ಅನ್ನಿ."