ಅತ್ತಿಗೆಯ ಕಾಲಿನ ನರಗಳು

ತಡೀರಿ, ಇದನ್ನು ಕೇಳಿ ಮುಂದೆ ಹೋಗಿ. ಕನ್ನಡನಾಡು ಒಂದಾದ ಮರುವರ್ಷ ಶಿಕಾರಿಪುರದ ನಮ್ಮ ಮನೆಯಲ್ಲಿ ಬಸುರಿ ಅತ್ತಿಗೆಯ ಕುಬಸ. ಅವಳ ಕಾಲಿಗೆ ಅರಿಶಿನ ಹಚ್ಚುವಾಗ ಗಂಟುಗಂಟಾಗಿ ಉಬ್ಬಿದ ನರಗಳು ನನ್ನ ಕೈಗೆ ಸಿಕ್ಕವು. ವೈದ್ಯದ ಪುಸ್ತಕ ಓದುವ ಹುಚ್ಚಿದ್ದ ನಾನು, "ಅವ್ವಾ, ಡಾಕ್ಟ್ರಿಗೆ ತೋರ್ಸಣ" ಎಂದೆ.

"ಬಂದ್ಲು ನೋಡ್ರೀ ನಮ್ಮ ಡಾಕ್ಟರಮ್ಮ! ಬಸುರೀಗೆ ನರ ಉಬ್ಬದೇ ಇರ್ತಾವೇನೇ? ಇನ್ನಷ್ಟು ಅರಿಶಿನ ಹಚ್ಚು" ಎಂದಳು ಅವ್ವ. ಎಲ್ಲರೂ ನಕ್ಕರು, ಅತ್ತಿಗೆಯೂ.

ಸೊರಬದ ತವರಿನಲ್ಲಿ ಹೆರಿಗೆಯಾಯಿತು. ಮಗು ಬಂತು, ಮಾಸು ಬೀಳಲಿಲ್ಲ. ರಕ್ತ ನಿಲ್ಲದೆ ಅತ್ತಿಗೆ ಹೋದಳು.

ಆ ನರಗಳು ಮೊದಲೇ ಹೇಳುತ್ತಿದ್ದವೇ? ಡಾಕ್ಟರನ್ನು ಕೇಳಿದರೆ, "ಹಾಗಂತ ಹೇಳಕ್ಕಾಗಲ್ಲಮ್ಮ" ಎಂದರು. ಈಗಲೂ ಯಾವ ಬಸುರಿ ಎದುರಾದರೂ ನನ್ನ ಕಣ್ಣು ಅವಳ ಕಾಲಿಗೇ ಹೋಗುತ್ತದೆ. ನಿಮ್ಮ ಮನೆಯ ಬಸುರಿಗೂ ಹೀಗೆ ನರ ಉಬ್ಬಿದ್ದರೆ, ಹೆರಿಗೆ ಹೇಗಾಯಿತೆಂದು ಬರೆದು ತಿಳಿಸಿ.