ಹೊಟ್ಟು ಉಗುಳುತ್ತಿದ್ದ ದಸ್ ಬೋರ್ ಬಂದೂಕು

ನಾನು ಚಿಕ್ಕವನಿದ್ದಾಗ ಒಂದು ದಿನ ಸುಮ್ಮನಿರಬೇಕಾದ ಕಡೆ ಬಾಯಿ ಬಿಟ್ಟೆ. ಅದನ್ನು ಈ ವಯಸ್ಸಿನಲ್ಲೂ ಮರೆತಿಲ್ಲ. ಹೋದ ತಿಂಗಳು ಹಳೇ ಬಂದೂಕು ಕೊಳ್ಳುವವನು ನಮ್ಮ ಮನೆಯಿಂದ ಏನೂ ಕೊಳ್ಳದೆ ಹೋದಾಗ ನೀವು ಮೊಮ್ಮಕ್ಕಳೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಕೂತಿರಲ್ಲ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಆ ಬಂದೂಕನ್ನು ನಮ್ಮ ಅಪ್ಪನ ಅಪ್ಪ ಯಾವುದೋ ಜಾಗೀರದಾರರ ಮನೆಯಿಂದ ತಂದಿದ್ದರಂತೆ. ಎರಡು ನಳಿಗೆ, ಎತ್ತಿದರೆ ತೋಳು ಕಿತ್ತು ಬರುವಷ್ಟು ಭಾರ. ಊರವರು ಅದಕ್ಕೆ ದಸ್ ಬೋರ್, ಅಂದರೆ ಹತ್ತರ ಬೋರ್, ಎನ್ನುತ್ತಿದ್ದರು. ಬಂದೂಕಿನ ಲೆಕ್ಕ ವಿಚಿತ್ರ: ಬೋರಿನ ಸಂಖ್ಯೆ ಚಿಕ್ಕದಾದಷ್ಟು ನಳಿಗೆ ದೊಡ್ಡದು. ಎಲ್ಲರ ಹತ್ತಿರ ಇರುತ್ತಿದ್ದ ಬಾರಾ, ಅಂದರೆ ಹನ್ನೆರಡರ, ಬೋರಿಗಿಂತ ನಮ್ಮದರ ಬಾಯಿ ಅಗಲವಾಗಿತ್ತು. ನನ್ನ ಹೆಬ್ಬೆರಳು ಅದರೊಳಗೆ ಸಲೀಸಾಗಿ ತಿರುಗುತ್ತಿತ್ತು.

ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ, ಮಾಂಸದ ಮಾತೇ ಇಲ್ಲ. ಹಾಗಿದ್ದ ಮೇಲೆ ಬಂದೂಕು ಯಾಕೆ ಎಂದರೆ, ಹಕ್ಕಿ ಓಡಿಸಲಿಕ್ಕೆ. ಚಳಿಗಾಲದಲ್ಲಿ ಕರ್ಕರಾ ಕೊಕ್ಕರೆಗಳು ಹಿಂಡುಹಿಂಡಾಗಿ ನಮ್ಮ ಕಡಲೆ ಹೊಲಕ್ಕೆ ಇಳಿಯುತ್ತಿದ್ದವು. ಬೂದಿ ಬಣ್ಣದ ಮೈ, ಕಪ್ಪು ಕುತ್ತಿಗೆ, ಕಣ್ಣಿನ ಹಿಂದೆ ಬಿಳಿ ಪುಕ್ಕದ ಜುಟ್ಟು, ಕಣ್ಣು ಮಾತ್ರ ಕೆಂಪು. ಅಪ್ಪ ಹಿತ್ತಾಳೆಯ ಕಾಡತೂಸುಗಳನ್ನು ಮನೆಯಲ್ಲೇ ತುಂಬುತ್ತಿದ್ದರು, ಅಕ್ಕ ಜೊತೆಗೆ ಕೂರುತ್ತಿದ್ದಳು. ಕೆಳಗೆ ಮದ್ದು, ಅದರ ಮೇಲೆ ಅರಿವೆಯ ಉಂಡೆ, ಆಮೇಲೆ ಸೀಸದ ಕಾಳು, ಅಂದರೆ ಛರ್ರಾ, ಇರಬೇಕಾದ ಜಾಗದಲ್ಲಿ ಜೋಳದ ಹೊಟ್ಟು, ಕೊನೆಗೆ ಮೇಣ. ಹಾರಿಸಿದರೆ ಢಂ ಎಂದು ಊರೆಲ್ಲ ನಡುಗುತ್ತಿತ್ತು, ಹಕ್ಕಿ ಏಳುತ್ತಿತ್ತು, ಹೊಟ್ಟು ಗಾಳಿಗೆ ತೂರಿಹೋಗುತ್ತಿತ್ತು. ಸಾಲೆಯಲ್ಲಿ ಹುಡುಗರು ನಿಮ್ಮದು ಹೊಟ್ಟು ಉಗುಳುವ ಬಂದೂಕು ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ ಹುಮನಾಬಾದಿನ ಅಡತಿ ಸಾಹುಕಾರರು ಜೀಪಿನಲ್ಲಿ ನೇರವಾಗಿ ಹೊಲಕ್ಕೇ ಬಂದರು. ನಮ್ಮ ಕಾಳುಕಡಿ ಎಲ್ಲ ಹೋಗುತ್ತಿದ್ದದ್ದು ಅವರ ಅಂಗಡಿಗೇ. ಜೊತೆಗೆ ಅವರ ಹೈದರಾಬಾದಿನ ಹೊಸ ಅಳಿಯ. ಅಳಿಯನಿಗೆ ಶಿಕಾರಿಯ ಶೋಕಿ. ಹೊಸ ಅಳಿಯನ ಮಾತು ಯಾರು ತೆಗೆದುಹಾಕುತ್ತಾರೆ? ಮಾವ ಹಲ್ಲು ಕಿರಿಯುತ್ತ ಹಿಂದೆ ನಿಂತಿದ್ದರು. ನಾವು ಮೂವರೂ, ಅಂದರೆ ಅಪ್ಪ, ಅಕ್ಕ, ನಾನು, ಎಂದಿನಂತೆ ಬಂದೂಕು ಮತ್ತು ಕಾಡತೂಸಿನ ಡಬ್ಬಿ ಹಿಡಿದು ಬದುವಿನ ಮೇಲೆ ಕೂತಿದ್ದೆವು. ಕಡಲೆ ಎಲೆಯ ಹುಳಿ ಇಬ್ಬನಿ ಕಾಲಿಗೆ ಹತ್ತಿ ಚುರುಗುಡುತ್ತಿತ್ತು.

ಅಳಿಯ ತನ್ನ ಬಾರಾ ಬೋರಿನಿಂದ ಎರಡು ಸಲ ಹೊಡೆದ. ಏಟು ಅಷ್ಟು ದೂರ ಮುಟ್ಟಲಿಲ್ಲ. ಹಕ್ಕಿಗಳು ಎದ್ದು ಒಂದು ಸುತ್ತು ಹಾಕಿ ಹೊಲದ ಆ ಕೊನೆಯಲ್ಲಿ ಮತ್ತೆ ಇಳಿದವು. ಸಿಟ್ಟಿಗೆ ಅವನ ಕಣ್ಣು ನಮ್ಮ ಬಂದೂಕಿನ ಮೇಲೆ ಬಿತ್ತು.

“ಏನ್ರಿ ಇದು, ತೋಪಾ? ದಸ್ ಬೋರ್ ಈಗ ಯಾರ್ ಹಿಡಿತಾರ್ರಿ? ಇದರ ಕಾಡತೂಸು ಹೈದರಾಬಾದನಾಗೂ ಸಿಗಂಗಿಲ್ಲ. ಒಲಿಗಿ ಹಾಕ್ರಿ,” ಎಂದು ನಕ್ಕ.

ಆಗಲೇ ನಾನು ಬಾಯಿ ಬಿಟ್ಟದ್ದು. “ನಮ್ಮ ಬಂದೂಕಿನ ಮುಂದ ನಿಮ್ದು ಹೋಳಿ ಪಿಚಕಾರಿ ಅದ!” ಎಂದೆ.

ಸಾಹುಕಾರರು ಗೊಳ್ಳೆಂದು ನಕ್ಕರು. ಅಳಿಯನ ಮುಖ ಕೆಂಪಗಾಯಿತು. “ಹಂಗಾದ್ರ ತೋರಸ್ರಿ ನೋಡೋಣು,” ಎಂದ.

“ನಮ್ಮ ಮನ್ಯಾಗ ಛರ್ರಾ ಇಲ್ರಿ,” ಎಂದರು ಅಪ್ಪ.

“ಛರ್ರಾ ನನ್ನ ಹತ್ರ ಅದಾವ್ರಿ.”

ಅಪ್ಪ ಇನ್ನೊಂದು ಸಲ ಆಗುವುದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಸಾಹುಕಾರರ ಮುಖ ನೋಡಿದರು, ಬಂದೂಕು ನೋಡಿದರು. ಅವರ ಮೀಸೆಯ ತುದಿಯಲ್ಲಿ ಸಣ್ಣ ನಗು ಕಂಡಿತು. ನನ್ನ ಮಾತು ಅವರಿಗೂ ಹಿತವಾಗಿತ್ತು.

ಅಳಿಯ ಚಾಕುವಿನಿಂದ ತನ್ನ ಕಾಡತೂಸುಗಳನ್ನು ಸೀಳಿ, ಸೀಸದ ಕಾಳುಗಳನ್ನು ಕರವಸ್ತ್ರದ ಮೇಲೆ ಸುರಿದ. ಅಪ್ಪ ಡಬ್ಬಿಯನ್ನು ಅಕ್ಕನ ಕಡೆ ಸರಿಸಿದರು. ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ನಾ ತುಂಬಂಗಿಲ್ಲಪ್ಪಾ,” ಎಂದಳು.

ನಾನು ತುಂಬಿದೆ. ಮೇಣ ಕೆತ್ತಿ, ಹೊಟ್ಟು ಚೆಲ್ಲಿ, ಆ ಜಾಗದಲ್ಲಿ ಛರ್ರಾ ಹಾಕಿ, ಹೆಬ್ಬೆರಳಿನಿಂದ ಮೇಣ ಒತ್ತಿ ಕೂರಿಸಿದೆ. ಬೆರಳೆಲ್ಲ ಸೀಸ ಹತ್ತಿ ಕಪ್ಪಾಯಿತು.

ಮುಂದಿನದು ಇನ್ನೂ ಹೇಸಿಗೆ. ಮನುಷ್ಯರು ಬಂದರೆ ಕರ್ಕರಾ ಹಾರುತ್ತವೆ, ಎತ್ತು ಬಂದರೆ ಹಾರುವುದಿಲ್ಲ. ನಮ್ಮ ಬಿಳಿ ಎತ್ತು ದಿನಾ ಬದುವಿನ ಮೇಲೆ ಅವುಗಳ ಪಕ್ಕದಲ್ಲೇ ಮೇಯುತ್ತಿತ್ತು. ಅಪ್ಪ ಅದರ ಕತ್ತಿನ ಮರೆಯಲ್ಲಿ ಹಗ್ಗ ಹಿಡಿದು ನಿಧಾನಕ್ಕೆ ನಡೆಸಿದರು, ಅದರ ಹೊಟ್ಟೆಯ ಮರೆಯಲ್ಲಿ ನಮ್ಮ ಬಂದೂಕು ಹಿಡಿದು ಅಳಿಯ ಬಗ್ಗಿ ನಡೆದ. ಹಕ್ಕಿಗಳು ಒಮ್ಮೆ ತಲೆ ಎತ್ತಿ ನೋಡಿ, ಗುರುತಿನ ಎತ್ತೇ ತಾನೆ ಎಂದು ಮತ್ತೆ ಕಡಲೆಗೆ ಬಾಯಿ ಹಾಕಿದವು.

ಢಂ ಎಂದ ಏಟಿಗೆ ಎತ್ತು ಹಗ್ಗ ಕಿತ್ತುಕೊಂಡು ಓಡಿತು. ಬಂದೂಕು ಒದ್ದ ರಭಸಕ್ಕೆ ಅಳಿಯ ಕಡಲೆಯಲ್ಲಿ ಅಂಗಾತ ಬಿದ್ದ. ಹೊಗೆ ಸರಿದಾಗ ಹೊಲದ ತುಂಬ ಬೂದಿ ಬಣ್ಣದ ಮುದ್ದೆಗಳು. ಕೆಲವು ಸತ್ತಿದ್ದವು. ಕೆಲವಕ್ಕೆ ಒಂದೇ ರೆಕ್ಕೆ ಮುರಿದಿತ್ತು, ಅವು ಇನ್ನೊಂದು ರೆಕ್ಕೆ ಬಡಿಯುತ್ತ ಕೂತಲ್ಲೇ ಸುತ್ತುತ್ತಿದ್ದವು. ಒಂದರ ಕೆಳಗಿನ ಕೊಕ್ಕು ಹಾರಿಹೋಗಿತ್ತು, ಆದರೂ ಕೂಗಲು ನೋಡುತ್ತಿತ್ತು. ಮದ್ದಿನ ವಾಸನೆ, ಬಿಸಿ ರಕ್ತದ ವಾಸನೆ, ತುಳಿದ ಕಡಲೆಯ ಹುಳಿ ವಾಸನೆ ಮೂರೂ ಒಂದಾದವು.

ಅಳಿಯ ಎದ್ದು ಮೈ ಕೊಡವಿ, “ವಾಹ್! ಮಾಲು ಜಬರ್ದಸ್ತ್ ಅದ!” ಎಂದು ನನ್ನ ಬೆನ್ನು ತಟ್ಟಿದ. ಛೀ, ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ಎರಡು ದಪ್ಪನೆಯ ಹಕ್ಕಿ ಆರಿಸಿ ಜೀಪಿಗೆ ಹಾಕಿಕೊಂಡು ಮಾವ ಅಳಿಯ ಹೊರಟೇಬಿಟ್ಟರು. ಉಳಿದವು ಹಾಗೇ ಬಿದ್ದಿದ್ದವು. ಅಕ್ಕ ತನ್ನ ಓಢಣಿ ಹರಿದು ಒಂದರ ರೆಕ್ಕೆಗೆ ಕಟ್ಟಿದಳು. ಅವಳ ಮಡಿಲಲ್ಲೇ ಅದು ಕತ್ತು ಚೆಲ್ಲಿತು. ನಾನು ಬದುವಿನ ಹಿಂದೆ ಹೋಗಿ ವಾಂತಿ ಮಾಡಿದೆ.

ಆಮೇಲೆ ನಾಯಿಗಳು ಬಂದವು. ಮೂರು ದಿನ ಜೋಡಿ ಕಳೆದುಕೊಂಡ ಹಕ್ಕಿಗಳು ಹೊಲದ ಮೇಲೆ ಕರ್ ಕರ್ ಎಂದು ಸುತ್ತಿದವು, ಊಟದ ತಾಟಿನ ಮುಂದೆ ಕೂತರೂ ಕೇಳಿಸುತ್ತಿತ್ತು. ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಹೊಲದ ಕಡಲೆಯನ್ನು ಆ ವರ್ಷ ಮನೆಯೊಳಗೆ ತರಲಿಲ್ಲ, ಇದ್ದಲ್ಲೇ ದನಕ್ಕೆ ಬಿಟ್ಟರು. ಬಂದೂಕನ್ನು ಅರಿವೆ ಸುತ್ತಿ ಟ್ರಂಕಿಗೆ ಹಾಕಿದರು. ಅಪ್ಪ ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು, ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಠಾಣೆಯಲ್ಲಿ ಇಟ್ಟು ಬರುವ ಕೆಲಸವೂ ಬಂತು.

ಹೋದ ತಿಂಗಳು ಬಂದವನು ನಳಿಗೆ ಬಗ್ಗಿಸಿ ತೆರೆದು ನೋಡಿ ಏನು ಹೇಳಿದ, ನೀವೇ ಕೇಳಿದಿರಿ. ಹಳೇ ಬಂದೂಕು ಕೂಡಿಡುವವರಿಗೆ ಈಗ ಹಗುರವಾದ ಸಣ್ಣ ಬೋರೇ ಬೇಕಂತೆ. ದಸ್ ಬೋರಿಗೆ ಕಾಡತೂಸು ಸಿಗುವುದಿಲ್ಲ, ಭುಜ ನೋಯುತ್ತದೆ, ಗೋಡೆಗೆ ತೂಗುಹಾಕಿದರೆ ಮೊಳೆ ಕಿತ್ತು ಬರುತ್ತದೆ. “ಪುಕ್ಕಟೆ ಕೊಟ್ರೂ ಬ್ಯಾಡ್ರಿ,” ಎಂದ. ನನಗೆ ಸಮಾಧಾನ ಆಗಬೇಕಿತ್ತು, ಹೇಸಿಗೆಯೇ ಆಯಿತು. ಭಾರ ಹೇಳಿದ, ಭುಜ ಹೇಳಿದ, ಮೊಳೆ ಹೇಳಿದ. ಅದರ ಬಾಯಿಗೆ ಸಿಕ್ಕವುಗಳ ಮಾತು ಅವನ ತಲೆಗೇ ಬರಲಿಲ್ಲ. ನಾಳೆ ನಾನು ಅದನ್ನು ಠಾಣೆಗೆ ಒಪ್ಪಿಸಿ ಬರುತ್ತೇನೆ, ಮತ್ತೆ ತರುವುದಿಲ್ಲ.

ನಿಮ್ಮ ಕಾಲದಲ್ಲಿ ಹಕ್ಕಿ ಓಡಿಸುವ ಕೆಲಸವೇ ಇಲ್ಲ. ಕಡಲೆ ಇದ್ದ ಹೊಲದಲ್ಲಿ ಈಗ ಕಬ್ಬು, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರಿನ ಸದ್ದು, ಗಾಳಿ ತಿರುಗಿದರೆ ಹುಮನಾಬಾದಿನ ಕೆಮಿಕಲ್ ನಾತ. ಕರ್ಕರಾ ಇಲ್ಲಿ ಇಳಿದು ಎಷ್ಟು ವರ್ಷವಾಯಿತೋ. ನೀವು ಸೋಫಾದ ಮೇಲೆ ಮಲಗಿ ಮೊಬೈಲಿನಲ್ಲಿ ದೊಡ್ಡದೊಡ್ಡ ಬಂದೂಕು ಹಾರಿಸುತ್ತೀರಿ. ಯಾರಿಗೂ ನೋವಿಲ್ಲ, ವಾಸನೆಯಿಲ್ಲ, ನನಗೆ ಅದರ ಮೇಲೆ ದೊಡ್ಡ ದೂರೂ ಇಲ್ಲ.

ಆದರೆ ಈ ಕಥೆ ಇಲ್ಲಿಗೆ ಬಂದಾಗ ನಿಮ್ಮಲ್ಲೊಬ್ಬ ಕಣ್ಣು ಹೊಳೆಸುತ್ತ, “ಮುತ್ಯಾ, ಒಂದ ಏಟಿಗಿ ಎಷ್ಟ್ ಬಿದ್ದವು?” ಎಂದು ಕೇಳಿದ. ಅವನ ಮೇಲೆ ನನಗೆ ಕೋಪವಿಲ್ಲ. ಅವತ್ತು ಹೊಗೆ ಸರಿದ ಕೂಡಲೇ ನಾನು ಮೊದಲು ಮಾಡಿದ್ದೂ ಅದನ್ನೇ. ಬೆರಳು ಮಡಚುತ್ತ, ಹಕ್ಕಿಯಿಂದ ಹಕ್ಕಿಗೆ ಓಡುತ್ತ, ಜೋರಾಗಿ ಎಣಿಸಿದೆ. ಆ ಸಂಖ್ಯೆ ಇವತ್ತಿಗೂ ಬಾಯಿಪಾಠ ಇದೆ. ನಿಮಗೆ ಹೇಳುವುದಿಲ್ಲ.